ಅರಿಶಿಣ ಹತ್ತಿದ ಬಿಳಿ ಸೀರೆ

ಆಗೋದಿಲ್ಲ ಎಂದವಳು ಖಾಲಾ. ಊರ ಗೌಡರಲ್ಲ, ಸಾಲಿಯ ಮಾಸ್ತರರಲ್ಲ, ನಮ್ಮ ಬಳಗದವರೂ ಅಲ್ಲ. ನಾನು ಓದುತ್ತೇನೋ ಬಿಡುತ್ತೇನೋ ಎಂಬ ಖಬರೇ ಅವರಿಗೆ ಇರಲಿಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿ ಬದುಕಿದ, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಖಾಲಾನೇ ನಮ್ಮ ಅಂಗಳದಲ್ಲಿ ಕುಳಿತು ಅವ್ವನಿಗೆ ಹೇಳಿದ್ದಳು: "ಡಿಗ್ರಿ ಅನ್ನೂದು ನಮ್ಮಂಥಾರ ಮನೀ ಹುಡಿಗ್ಯಾರಿಗೆ ಆಗೂ ಮಾತಲ್ಲ ಬಿಡ ತಂಗಿ."

ಆ ಮಾತು ಮೊನ್ನೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ, ಗಂಜಿಯ ವಾಸನೆಯ ಜೊತೆ ವಾಪಸು ಬಂತು.

ಗಜೇಂದ್ರಗಡದಲ್ಲಿ ನೌಕರಿ ಮಾಡುವ ನನಗೆ ರಜೆ ಹಾಕಲು ಇರುವ ಕಾರಣಗಳು ಕಡಿಮೆ. ಮದುವೆ, ಮಣ್ಣು, ಇಲ್ಲವೇ ಮೈಯಲ್ಲಿ ಹುಷಾರಿಲ್ಲದ್ದು. ಊರು ಸುತ್ತಲಿಕ್ಕೆ ರಜೆ ಹಾಕಿದ್ದು ಇದೇ ಮೊದಲು. ಪೂರಾ ಸುತ್ತಲಿಕ್ಕೇ ಅಂತಲೂ ಅಲ್ಲ. ಹುಬ್ಬಳ್ಳಿಗೆ ಕೊಟ್ಟಿರುವ ಖಾಲಾನ ಮಗಳು ಫೋನ್ ಮಾಡಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ನಾನು ಆಪಾ ಅನ್ನುತ್ತೇನೆ, ಅಂದರೆ ಅಕ್ಕ. ಅವಳ ಮಗಳಿಗೆ ಡಿಗ್ರಿ ಸರ್ಟಿಫಿಕೇಟ್ ಕೊಡುವ ಕಾರ್ಯಕ್ರಮವಿತ್ತು. "ಒಂದ ದಿನಾ ಮೊದಲ ಬಾ. ಆವಾಗ ಊರ ಅರ್ಧಾ ನೋಡಿ ಬಿಟ್ಟ ಹೋದಿ. ಉಳದ ಅರ್ಧಾ ಯಾವಾಗ ನೋಡಾಕಿ?" ಅಂದಳು.

ಬೆಳಗಿನ ಬಸ್ಸಿಗೆ ಹೋಗಿ ಇಳಿದೆ. ತಳ್ಳುಗಾಡಿಯ ಮುಂದೆ ನಿಂತು ಗಿರಮಿಟ್ಟು, ಮಿರ್ಚಿ ಭಜಿ ತಿಂದೆ. ಬಾಯಿ ಉರಿಯುತ್ತಲೇ ನಡೆದೆ. ಹಳೆಯ ಪುಸ್ತಕ ಒಟ್ಟಿದ ಅಂಗಡಿ, ಹಿತ್ತಾಳೆ ದೀಪ ಮತ್ತು ನಿಂತುಹೋದ ಗಡಿಯಾರಗಳ ಅಂಗಡಿ, ನಡುವೆ ಎಷ್ಟೋ ಕಾಫಿ ಅಂಗಡಿಗಳು. ಒಂದರ ಮುಂದಂತೂ ಬೀಜ ಹುರಿಯುವ ವಾಸನೆ ಹಾದಿಯ ತನಕ ಬಂದು ಕೈ ಹಿಡಿದು ಜಗ್ಗಿತು. ಒಳಗೆ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದರು. ನಿಂತೆ, ಹೋಗಲಿಲ್ಲ. ಹುಬ್ಬಳ್ಳಿಯ ಕಾಫಿಯನ್ನು ನಾನು ಒಬ್ಬಳೇ ಕುಡಿಯುವ ಹಾಗಿರಲಿಲ್ಲ. ಅದು ಪಂದ್ಯದ ಕಾಫಿ.

ಅದರ ಪಕ್ಕದ ಓಣಿಯಲ್ಲಿತ್ತು ಆ ಬಟ್ಟೆಯಂಗಡಿ. ಗಾಜಿನ ಬಾಗಿಲು, ಒಳಗೆ ತಂಪು, ಸಣ್ಣಗೆ ಹಾಡು. ಕಟ್ಟಿಗೆಯ ಹ್ಯಾಂಗರಿಗೆ ಸೀರೆ, ಅಂಗಿ, ಕೋಟುಗಳನ್ನು ತೂಗುಹಾಕಿದ್ದರು. ಎಲ್ಲವೂ ಒಮ್ಮೆ ಯಾರೋ ಹಾಕಿಕೊಂಡು ಬಿಟ್ಟಂಥವು.

"ಇದು ಥ್ರಿಫ್ಟ್ ಸ್ಟೋರ್ ಮೇಡಂ" ಅಂದಳು ಅಂಗಡಿಯ ಹುಡುಗಿ.

"ಅಂದ್ರ?"

"ಒಬ್ಬರು ಉಟ್ಟು ಬಿಟ್ಟಿದ್ದನ್ನ ಇನ್ನೊಬ್ಬರು ಪ್ರೀತಿಯಿಂದ ಉಡೋದು ಮೇಡಂ."

"ನಮ್ಮ ಊರಾಗ ಅದಕ್ಕ ಖಾಲಾನ ಗಂಟ ಅಂತಿದ್ರವಾ" ಅಂದೆ. ಹುಡುಗಿ ನಕ್ಕಳು, ತಿಳಿಯದೆ ನಕ್ಕದ್ದು. ನಾನು ಒಂದು ಬಿಳಿ ನೂಲಿನ ಸೀರೆ ಹಿಡಿದು ನೋಡುತ್ತಿದ್ದೆ. ಯಾರೋ ಗಂಜಿ ಹಾಕಿ, ಬಹಳ ದಿನ ಟ್ರಂಕಿನಲ್ಲಿಟ್ಟು ಮರೆತ ಸೀರೆ. ಮೂಗಿಗೆ ಹಿಡಿದೆ. ಹುಳಿ ತಿರುಗಿದ ಅಕ್ಕಿ ಗಂಜಿ, ಬೇವಿನ ಎಲೆ, ಬಿಸಿಲು... ನನ್ನ ಕಾಲು ಅಲ್ಲೇ ನಿಂತವು.

ಖಾಲಾ ಅಂದರೆ ಅವರ ಉರ್ದು ಮಾತಿನಲ್ಲಿ ಅವ್ವನ ಅಕ್ಕ ಇಲ್ಲವೇ ತಂಗಿ. ನಮ್ಮ ಸವಡಿಯ ಓಣಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಮೊಳಕಾಲೆತ್ತರದ ಗೋಡೆ. ಅಪ್ಪ ವರ್ಷದ ಬಹುಭಾಗ ಗೋವಾದ ಕಟ್ಟಡಗಳ ಮೇಲೆ ಇರುತ್ತಿದ್ದ, ಅವ್ವ ಮಂದಿಯ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಖಾಲಾನ ಗಂಡ ಎಂದೋ ತೀರಿಕೊಂಡಿದ್ದ. ಹೀಗಾಗಿ ಗೋಡೆಯ ಎರಡೂ ಕಡೆ ಹೆಂಗಸರದೇ ಸಂಸಾರ.

ಅವಳದು ಹಳೆ ಅರಿವಿಯ ವ್ಯಾಪಾರ. ತಲೆಯ ಮೇಲೆ ಸ್ಟೀಲ್ ಭಾಂಡೆಯ ಬುಟ್ಟಿ, ಬಗಲಲ್ಲಿ ಮಡಚಿದ ಖಾಲಿ ಚಾದರ. ಒಂದು ದಿನ ಇಟಗಿ, ಒಂದು ದಿನ ಹೊಳೆಮಣ್ಣೂರು, ಬಸ್ಸು ಸಿಕ್ಕರೆ ನರಗುಂದ. "ಹಳೇ ಅರಿವೀಗೆ ಭಾಂಡೇ..." ಎಂದು ಕೊನೆಯ ಅಕ್ಷರವನ್ನು ಓಣಿಯ ತುದಿಯ ತನಕ ಎಳೆಯುತ್ತಿದ್ದಳು. ಹಳೆಯ ಸೀರೆ ಕೊಟ್ಟವರಿಗೆ ಬೋಗುಣಿ, ತಾಟು. ಒಟ್ಟಿಗೆ ಬಹಳ ಕೊಟ್ಟರೆ ಕೊಡ. ಸಂಜೆಗೆ ಬುಟ್ಟಿ ಖಾಲಿ, ಚಾದರ ಗಂಟಾಗಿರುತ್ತಿತ್ತು. ಬಂದದ್ದನ್ನು ಒಗೆದು, ಹರಿದಲ್ಲಿ ಹೊಲಿದು, ಅಕ್ಕಿ ಗಂಜಿ ಹಾಕಿ ಅಂಗಳದ ತಂತಿಯ ಮೇಲೆ ಹರವುತ್ತಿದ್ದಳು. ಆಮೇಲೆ ಗಜೇಂದ್ರಗಡದ ಸಂತೆ. ಕೂಲಿಯ ಹೆಣ್ಣುಮಕ್ಕಳು ಅವಳು ನೆಲಕ್ಕೆ ಹಾಸಿದ ತಾಡಪತ್ರಿಯ ಸುತ್ತ ಮುಗಿಬೀಳುತ್ತಿದ್ದರು. ನಮ್ಮ ಮನೆಯ ಉಡುಗೆಯೂ ಅಲ್ಲಿಂದಲೇ. "ನಾವು ಉಡೂದು ಊರ ಮಂದೀ ಸೀರಿ ಖರೇ, ಗಂಜಿ ಮಾತ್ರ ನಮ್ಮ ಅಕ್ಕಂದು" ಎಂದು ಅವ್ವ ನಗುತ್ತಿದ್ದಳು.

ಹೊಳೆಮಣ್ಣೂರಿಗೆ ಹೊಳೆ ನುಗ್ಗಿದ ವರ್ಷ ಖಾಲಾ ಇದ್ದಬದ್ದ ಗಂಟನ್ನೆಲ್ಲ ಒಯ್ದು ಅಲ್ಲಿನ ಹೆಂಗಸರಿಗೆ ಹಂಚಿ ಬಂದಿದ್ದಳು. "ಎಲ್ಲಾ ಅವರವs ಅರಿವಿ. ಅವರಿಗೇ ಮುಟ್ಟಿದ್ವು" ಅಂದಳು, ಮುಗಿಯಿತು.

ನಾನು ಹತ್ತನೆಯ ತರಗತಿ ಪಾಸಾಗಿ ರೋಣದ ಕಾಲೇಜಿಗೆ ಹೆಸರು ಹಚ್ಚುತ್ತೇನೆ ಎಂದ ದಿನ ಅವಳು ಆ ಮಾತು ಆಡಿದ್ದು. ಬರೀ ಆಡಲಿಲ್ಲ. ಎದ್ದು ಹೋಗಿ, ತನ್ನ ಮನೆಯಿಂದ ಒಂದು ನೀಲಿ ಚೂಡಿದಾರ ತಂದು ನನ್ನ ತೊಡೆಯ ಮೇಲೆ ಹಾಕಿದಳು.

"ಏನಿದು ಹೇಳು?"

"ಕಾಲೇಜ್ ಯುನಿಫಾರಂ."

"ಅಂಚು ನೋಡು, ಸವದೈತೇನು? ತೋಳು ನೋಡು, ಬಣ್ಣ ಬಿಟ್ಟೈತೇನು? ವರ್ಷಾ ಹಿಂಗ ಬರತಾವ ಬೇಟಿ ನನ್ನ ಗಂಟಿಗೆ. ಹುಡಿಗಿ ಕಾಲೇಜ್ ಹತ್ತತಾಳ, ವರ್ಷ ತುಂಬೂದರಾಗ ಲಗ್ನಾ ಮಾಡತಾರ, ಯುನಿಫಾರಂ ಕೊಟ್ಟ ಒಂದ ಬೋಗುಣಿ ತಗೋತಾರ. ಆಕೀ ಓದಿದ್ದು ಆ ಬೋಗುಣಿಯಾಗ ಸಾರ ಕುದಿಯೂದಕ್ಕ ಆತು."

"ನಂದು ಬರೂದಿಲ್ಲ" ಅಂದೆ. ಸಿಟ್ಟು ಬಂದಿತ್ತು.

ಖಾಲಾ ಅವ್ವನ ಕಡೆ ನೋಡಿ ಕಣ್ಣು ಮಿಟುಕಿಸಿದಳು. "ಹೌದs? ನಿನ್ನ ಯುನಿಫಾರಂ ನನ್ನ ಗಂಟಿಗೆ ಬರಲಿಲ್ಲಂದ್ರ, ನಿನಗ ಡಿಗ್ರಿ ಕೊಡೂ ದಿನಾ ನಾ ನಿನ್ನ ಹುಬ್ಬಳ್ಳಿಗೆ ಕರಕೊಂಡ ಹೋಗಿ ಕಾಫಿ ಕುಡಸತೇನಿ. ಗಾಜಿನ ಬಾಗಲಾ ಇರೂ ಹೋಟೆಲ್‌ನ್ಯಾಗ. ಎರಡ ದಿನಾ ಇದ್ದು, ಊರೆಲ್ಲಾ ತಿರಗಿ, ತಿಂದು ಉಂಡು ಬರೂಣು."

"ಬಂದ್ರ?"

"ಬಂದ್ರ ಏನ ಮಾಡೂದೈತಿ... ನಾನೂ ನಿಮ್ಮವ್ವಾ ಕೂಡಿ ಕೂತು ಅಳತೇವಿ."

ನಮ್ಮ ಕಡೆ ಕುಡಿಯುವುದು ಚಹಾ. ಕಾಫಿ ಅಂದರೆ ಅಪರೂಪ. ಖಾಲಾ ಅದನ್ನು ಒಮ್ಮೆ ಕುಡಿದಿದ್ದಳು, ನರಗುಂದದಲ್ಲಿ, ದವಾಖಾನಿಯಿಂದ ನಿವೃತ್ತಿಯಾದ ಒಬ್ಬ ನರ್ಸಬಾಯಿಯ ಮನೆಯಲ್ಲಿ. "ಭಾಂಡೆ ಮಾರಾಕ ಹೋದಾಕಿಗೆ ಒಳಗ ಕರದು ಕುಡಿಸಿದ್ಲವಾ. ಬಾಯಾಗ ಕಹಿ, ಗಂಟಲದಾಗ ಸೀ" ಎಂದು ಎಷ್ಟು ಸಲ ಹೇಳಿದ್ದಳೋ.

ಅಂದಿನಿಂದ ಗೋಡೆಯಾಚೆಯಿಂದ ಒಂದೇ ಪ್ರಶ್ನೆ. "ಯುನಿಫಾರಂ ಐತೋ, ಕಳಸತೀಯೋ?" ನಾನು ಬಸ್ಸಿಗೆ ಓಡುತ್ತಲೇ, "ಇನ್ನಾ ಹರದಿಲ್ಲ ಖಾಲಾ" ಅನ್ನುತ್ತಿದ್ದೆ. ಹರಿಯಿತು ಕೂಡ. ಅವಳೇ ಕಂಕುಳ ಹೊಲಿದು ಕೊಟ್ಟಳು.

ಡಿಗ್ರಿಯ ಎರಡನೆಯ ವರ್ಷ ನನಗೊಂದು ಸಂಬಂಧ ಬಂತು. ಅಪ್ಪ ಗೋವಾದಿಂದ ಬಂದು ಕುಳಿತಿದ್ದ, ಅವನ ಮನಸ್ಸು ಮುಕ್ಕಾಲು ಆ ಕಡೆ ವಾಲಿತ್ತು. ಬೀಗರು ಅವಲಕ್ಕಿ ತಿನ್ನುವಾಗ ಖಾಲಾ ಕರೆಯದೆ ಬಂದು ಕಟ್ಟೆಯ ಮೇಲೆ ಕುಳಿತಳು.

"ಹುಡಿಗಿ ಬಂಗಾರದಂಥಾಕಿರಿ. ರೊಟ್ಟಿ ಒಂದ ಬಡಿಯಾಕ ಬರೂದಿಲ್ಲ. ಹೊಲದ ಹಾದಿ ಗೊತ್ತಿಲ್ಲ. ಮುಂಜೇಲೆ ಎಬ್ಬಿಸಿದ್ರ ಪುಸ್ತಕಾ ಎಲ್ಲಿ ಅಂತ ಕೇಳತಾಳ. ಉಳದದ್ದೆಲ್ಲಾ ಭಾಳ ಚಲೋ ನೋಡ್ರಿ."

ಬೀಗರು ಅವಲಕ್ಕಿ ಮುಗಿಸಿ ಎದ್ದವರು ತಿರುಗಿ ಬರಲಿಲ್ಲ. ಅಪ್ಪ ಸಿಡಿಮಿಡಿಗೊಂಡ. "ಖರೇ ಹೇಳಿದ್ರ ಸಿಟ್ಟ್ಯಾಕೋ ತಮ್ಮಾ?" ಎಂದು ಖಾಲಾ ತಟ್ಟೆಯಲ್ಲಿ ಉಳಿದ ಅವಲಕ್ಕಿ ಬಾಯಿಗೆ ಹಾಕಿಕೊಂಡಳು. ಆಗೋದಿಲ್ಲ ಎಂದವಳು ತಾನೇ ಪಂದ್ಯ ಸೋಲಲಿಕ್ಕೆ ಹೆಣಗುತ್ತಿದ್ದಾಳೆ ಎಂಬುದು ನನಗೆ ಆ ದಿನ ತಿಳಿಯಿತು.

ಪಾಸಾದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವರಲ್ಲೇ ನಾನು ಮೊದಲನೆಯವಳು. ಇನ್ನು ಡಿಗ್ರಿಯ ಮಾತು ಹೇಳುವುದೇ ಬೇಡ. ಹುಬ್ಬಳ್ಳಿಯ ದೊಡ್ಡದೊಂದು ಸಭಾಂಗಣದಲ್ಲಿ ಕಾರ್ಯಕ್ರಮ, ವೇದಿಕೆ ಹತ್ತಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ಗಂಡುಮಕ್ಕಳು ಬಿಳಿ ಅಂಗಿ, ಹೆಣ್ಣುಮಕ್ಕಳು ಬಿಳಿ ಸೀರೆ ಎಂದು ತಿಳಿಸಿದರು.

ಅವ್ವ ಎದೆ ಎದೆ ಬಡಿದುಕೊಂಡಳು. "ಲಗ್ನಾ ಆಗದ ಹುಡಿಗಿಗೆ ಬಿಳೀ ಸೀರಿ? ಅದೇನ ಡಿಗ್ರಿ ಕೊಡತಾರೋ, ರಂಡೆತನಾ ಕೊಡತಾರೋ!"

"ಸುಮ್ಮನಿರ ತಂಗಿ. ಸೀರೀ ವಿಚಾರ ನಂದು" ಅಂದಳು ಖಾಲಾ.

ಮರುದಿನ ನರಗುಂದದ ಬಸ್ಸು ಹತ್ತಿದಳು, ಆ ನರ್ಸಬಾಯಿಯ ಮನೆಗೆ. ಬರುವಾಗ ಒಂದು ಬಿಳಿ ನೂಲಿನ ಸೀರೆ ತಂದಳು. ಎಂಥ ಬಿಳುಪು ಅಂತೀರಿ, ಹಾಲು ಕಾಯಿಸಿ ಆರಿಸಿದ ಹಾಗೆ. ಒಗೆದಳು, ಗಂಜಿ ಹಾಕಿದಳು. ಹೊರಡುವ ದಿನ ಮಡಚಿ ಅರಿವಿಯಲ್ಲಿ ಸುತ್ತಿ ತನ್ನ ಚೀಲದಲ್ಲೇ ಇಟ್ಟುಕೊಂಡಳು. "ನಾಳಿನತನಕಾ ಯಾರೂ ಮುಟ್ಟಬ್ಯಾಡ್ರಿ" ಅಂದಳು.

ಒಂದು ದಿನ ಮೊದಲೇ ಹೊರಟೆವು, ನಾನು, ಅವ್ವ, ಖಾಲಾ. ಇಳಿದುಕೊಳ್ಳಲಿಕ್ಕೆ ಆಪಾನ ಮನೆ ಇತ್ತು. ಅವಳಿಗಾಗ ತೊಟ್ಟಿಲಲ್ಲಿ ಕೂಸು. ಚೀಲ ಅಲ್ಲಿಟ್ಟು ಮಾರ್ಕೆಟ್ಟಿಗೆ ಬಂದೆವು. ಆ ಮಧ್ಯಾಹ್ನ ಖಾಲಾನ ಹುರುಪು ನೋಡಬೇಕಿತ್ತು! ಮಿರ್ಚಿ ಭಜಿ ತಿಂದು, "ಹಿಟ್ಟ ಭಾಳ, ಖಾರ ಕಡಿಮಿ, ಶಹರದ ಮಂದಿ ಹಿಂಗs" ಅಂದಳು, ಇನ್ನೊಂದು ಹಾಕಿಸಿಕೊಂಡಳು. ರಸ್ತೆಯ ಬದಿಗೆ ಹಳೆ ಅರಿವಿ ಮಾರುವವರ ಸಾಲು ಕಂಡದ್ದೇ ತಡ, ನಮ್ಮನ್ನು ಮರೆತಳು. ಒಂದೊಂದು ಸೀರೆಯನ್ನೂ ಬೆಳಕಿಗೆ ಹಿಡಿದು, ಎಳೆದು, ಮೂಸಿ, ಮುಖ ಸಿಂಡರಿಸಿದಳು.

"ಗಂಜಿ ಹಾಕಿಲ್ಲೇನೋ?" ಎಂದು ಅಂಗಡಿಯವನನ್ನು ಕೇಳಿದಳು.

"ಹಳೇ ಅರಿವಿಗೆ ಯಾರ ಗಂಜಿ ಹಾಕತಾರಬೇ?"

"ಹಳೇದಕ್ಕs ಹಾಕಬೇಕಪಾ. ಹೊಸಾದು ತಾನs ನಿಂದರತೈತಿ."

ಅವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿದಳು. ಅಲ್ಲಿಂದ ಮುಂದೆ ಗಾಜಿನ ಬಾಗಿಲಿನ ಒಂದು ಕಾಫಿ ಹೋಟೆಲು. ಖಾಲಾ ಗಾಜಿಗೆ ಮುಖ ಹಚ್ಚಿ ಒಳಗೆ ನೋಡಿದಳು, ಖುರ್ಚಿ ನೋಡಿದಳು, ಕುಡಿಯುವವರನ್ನು ನೋಡಿದಳು. "ಹೋಗೂಣು ಬಾ" ಅಂದೆ. ಕೈ ಹಿಡಿದು ಹಿಂದೆ ಎಳೆದಳು.

"ಇವತ್ತಲ್ಲ. ನೀ ಮ್ಯಾಲ ಹತ್ತಬೇಕು, ಎಲ್ಲಾರ ಮುಂದ ಕೈಯಾಗ ತಗೋಬೇಕು. ಆಮ್ಯಾಲ ಕಾಫಿ. ಪಂದ್ಯ ಅಂದ್ರ ಪಂದ್ಯ."

ಆ ದಿನ ಒಳಗೆ ಹೋಗಿಬಿಡಬೇಕಿತ್ತು... ಈಗ ಅನಿಸುತ್ತದೆ. ಆಗ ಅನಿಸಲಿಕ್ಕೆ ಕಾರಣವೇ ಇರಲಿಲ್ಲ. ನಾಳೆ ಇತ್ತಲ್ಲ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದೆ. ಖಾಲಾ ಬಹಳ ಸಂಭ್ರಮದಿಂದ ಅರಿವಿ ಬಿಚ್ಚಿ ಸೀರೆ ತೆರೆದಳು.

ಸೀರೆಯ ತುಂಬ ಹಳದಿ ಕಲೆ. ಮಡಿಕೆಗೊಂದು, ಒಂದರ ಕೆಳಗೆ ಒಂದು, ಮುದ್ರೆ ಒತ್ತಿದ ಹಾಗೆ.

ನಮ್ಮಲ್ಲಿ ಹೊಸ ಬಟ್ಟೆ ಉಡುವ ಮೊದಲು ಅದರ ಮೂಲೆಗೆ ಒಂದಿಷ್ಟು ಅರಿಶಿಣ ಹಚ್ಚುತ್ತೇವೆ. ಅದು ಹೊಸದಕ್ಕೆ ಮಾತ್ರ. ಖಾಲಾನ ಗಂಟಿನಿಂದ ಬಂದ ಸೀರೆಗೆ ಅವ್ವ ಎಂದೂ ಹಚ್ಚಿದವಳಲ್ಲ. ಮಂದಿ ಉಟ್ಟು ಬಿಟ್ಟಿದ್ದಕ್ಕೆ ಯಾರು ಹಚ್ಚುತ್ತಾರೆ? ಖಾಲಾ ಅದನ್ನು ಗೋಡೆಯಾಚೆಯಿಂದ ಅಷ್ಟು ವರ್ಷ ನೋಡುತ್ತಲೇ ಬಂದಿದ್ದಳು.

"ಹೊಸಾದ ಆಗಲಿ ಅಂತ ಹಚ್ಚೀನಿ ಬೇಟಿ" ಅಂದಳು. ದನಿ ಇಳಿದಿತ್ತು. "ನಿಮ್ಮವ್ವಾ ಹೊಸಾದಕ್ಕ ಹಚ್ಚತಾಳಲ್ಲ, ಹಂಗs... ಬಿಳೀದು ಅಂತ ಆಕೀ ಮನಸಿನ್ಯಾಗೂ ಇತ್ತು. ಅರಿಶಿಣ ಬಿದ್ರ ಆ ದೋಷಾನೂ ಹೋಗತೈತಿ ಅಂತ..."

ಅವರ ಮನೆಯಲ್ಲಿ ಇಲ್ಲದ ಪದ್ಧತಿ. ಕೈಗೆ ರೂಢಿ ಇರಲಿಲ್ಲ. ಒಣ ಅರಿಶಿಣವನ್ನು ಬೆರಳ ತುದಿಯಿಂದ ಸೋಕಿಸುವ ಬದಲು ನೀರಲ್ಲಿ ಕಲಸಿ ದಪ್ಪಗೆ ಹಚ್ಚಿದ್ದಳು. ಗಂಜಿಯ ತೇವ ಇನ್ನೂ ಆರಿರಲಿಲ್ಲ. ಮಡಚಿ ಬಿಗಿದು ಕಟ್ಟಿದ್ದಳು.

ಅವ್ವ ಸೀರೆ ಕಸಿದುಕೊಂಡು ಬಚ್ಚಲಿಗೆ ಓಡಿದಳು. "ಸಾಬಾಣ ಹಚ್ಚಬ್ಯಾಡ!" ಎಂದು ಖಾಲಾ ಕೂಗುವಷ್ಟರಲ್ಲಿ ಹಚ್ಚಿಯಾಗಿತ್ತು. ಅರಿಶಿಣಕ್ಕೆ ಸಾಬೂನು ತಾಗಿದರೆ ಏನಾಗುತ್ತದೆ ಗೊತ್ತಲ್ಲ, ಕಲೆಗಳೆಲ್ಲ ಕುಂಕುಮದ ಹಾಗೆ ಕೆಂಪಾದವು. ಆಪಾ ನಿಂಬೆಹಣ್ಣು ಹಿಂಡಿದಳು. ಕೆಂಪು ಹೋಯಿತು. ಆದರೆ ಅಷ್ಟು ಹೊತ್ತಿಗೆ ಬಣ್ಣ ಹರಡಿ ಇಡೀ ಸೀರೆ ತೆಳು ಹಳದಿಯಾಗಿತ್ತು. ಆಪಾ ಕೂಸನ್ನು ಅವ್ವನ ಕೈಗೆ ಕೊಟ್ಟು ಓಣಿಯ ಮನೆಮನೆಗೂ ಹೋಗಿ ಬಿಳಿ ಸೀರೆ ಕೇಳಿ ಬಂದಳು. ಸಿಗಲಿಲ್ಲ. ಅಂಗಡಿಗಳು ಬಾಗಿಲು ತೆರೆದಿರಲಿಲ್ಲ. ಹಸಿಹಸಿಯನ್ನೇ ಇಸ್ತ್ರಿ ಮಾಡಿ ಉಟ್ಟುಕೊಂಡೆ.

"ದೂರದಿಂದ ಬಿಳೀ ಕಾಣತೈತಿ" ಅಂದಳು ಅವ್ವ.

ಮನೆಯವರಿಗೆ ಒಳಗೆ ಬಿಡುವುದಿಲ್ಲ ಎಂದರು. ಅವ್ವ ಮತ್ತು ಖಾಲಾ ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತರು. ನಾನು ಮೊದಲ ಬಾಗಿಲು ದಾಟಿದೆ. ಎರಡನೆಯ ಬಾಗಿಲಲ್ಲಿ ಸಾಲು ಹಚ್ಚಿಸುತ್ತಿದ್ದ ಒಬ್ಬರು ತಡೆದರು. ಗದರಲಿಲ್ಲ, ಪಾಪ. "ವೇದಿಕೆಗೆ ಬಿಳೀದs ಆಗಬೇಕಂತ ಹೇಳ್ಯಾರವಾ. ನಿಂದ ಹಳದಿ ಐತಿ. ಹಿಂದ ಕೂಡು, ಮುಗದ ಮ್ಯಾಲ ಕೌಂಟರಿನ್ಯಾಗ ಕೊಡತಾರ" ಅಂದರು. ಕೇಳಿಕೊಂಡೆ. ಅವರೂ ಹೇಳಿದ್ದನ್ನು ಮಾಡುವವರೇ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು.

ಹಿಂದೆ ಕುಳಿತೆ. ಬಿಳಿ ಬಿಳಿ ಹುಡುಗಿಯರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಮೈಕಿನಲ್ಲಿ ನನ್ನ ಹೆಸರು ಬಂತು. ನಮ್ಮಪ್ಪನ ಹೆಸರೂ ಸೇರಿಸಿ ಕೂಗಿದರು. ಒಂದು ಕ್ಷಣ ಯಾರೂ ಹತ್ತಲಿಲ್ಲ. ಮುಂದಿನ ಹೆಸರು ಕೂಗಿದರು.

ಎಲ್ಲ ಮುಗಿದ ಮೇಲೆ ಕೌಂಟರಿನಲ್ಲಿ ಸಹಿ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡೆ. ಹೊರಗೆ ಬಂದಾಗ ಅವ್ವ ಎದುರು ಓಡಿಬಂದಳು.

"ಕೇಳತು! ಹೊರಗ ಕಟ್ಟಿದ ಮೈಕಿನ ಕರ್ಣೆದಾಗ ನಿನ್ನ ಹೆಸರು ಕೇಳತು! ಖಾಲಾ ಎದ್ದ ನಿಂತು ಚಪ್ಪಾಳಿ ಹೊಡದ್ಲು ನೋಡು, ಮಂದಿಯೆಲ್ಲಾ ತಿರಗಿ ನೋಡಿದ್ರು!"

ನಾನು ನಗಲಿಕ್ಕೆ ನೋಡಿದೆ. ಖಾಲಾ ನನ್ನ ಮುಖ ನೋಡಿದಳು, ಸೀರೆ ನೋಡಿದಳು. ವ್ಯಾಪಾರದ ಕಣ್ಣು, ಅದನ್ನು ಯಾರೂ ವಂಚಿಸಿದವರಿಲ್ಲ.

"ಮ್ಯಾಲ ಹತ್ತಗೊಡಲಿಲ್ಲ?"

"ಅದೇನ ಆಗೂದೈತಿ ಖಾಲಾ, ಕಾಗದ ಕೈಗೆ ಬಂತಲ್ಲ. ನಡಿ, ಕಾಫಿ ಕುಡಿಯೂಣು. ನೀ ಸೋತಿ."

ಅವಳು ಸರ್ಟಿಫಿಕೇಟನ್ನು ಮುಟ್ಟಲಿಲ್ಲ. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡಳು. "ಬಾಯಿಲೆ ಆಗೂದಿಲ್ಲ ಅಂದಿದ್ದೆ. ಅದನ್ನ ನೀ ಸುಳ್ಳ ಮಾಡಿದಿ. ಈ ಕೈ ಮತ್ತ ಖರೇ ಮಾಡ್ತು ನೋಡು" ಅಂದಳು.

ಎಷ್ಟು ಹೇಳಿದರೂ ಕೇಳಲಿಲ್ಲ. ಇನ್ನೊಂದು ದಿನ ಇರುವುದಿತ್ತು, ಇರಲಿಲ್ಲ. ಅದೇ ಸಂಜೆ ಬಸ್ಸು ಹತ್ತಿದೆವು. ಗಾಜಿನ ಬಾಗಿಲಿನ ಹೋಟೆಲು ಕಿಟಕಿಯಲ್ಲಿ ಬಂದು ಹಿಂದೆ ಹೋಯಿತು. ಅವಳು ಆ ಕಡೆ ತಿರುಗಲಿಲ್ಲ.

ಊರಿಗೆ ಬಂದ ಮೇಲೆ ಸೀರೆ ಒಯ್ದು ತಂತಿಯ ಮೇಲೆ ಹಾಕಿದಳು. ಅರಿಶಿಣಕ್ಕೆ ಸಾಬೂನು ಶತ್ರುವಲ್ಲ, ಬಿಸಿಲು ಶತ್ರು. ಎರಡು ದಿನ ಬಿಸಿಲು ಕಾದ ಮೇಲೆ ಒಂದು ಮುಂಜಾನೆ ನಾನು ಹಲ್ಲುಜ್ಜುತ್ತ ಗೋಡೆಯ ಬಳಿ ನಿಂತಿದ್ದೆ. ತಂತಿಯ ಮೇಲೆ ಸೀರೆ ಗಾಳಿಗೆ ಉಬ್ಬಿ ಆಡುತ್ತಿತ್ತು. ಹಾಲಿನ ಹಾಗೆ ಬಿಳಿ. ಅದರ ಕೆಳಗೆ ಖಾಲಾ ಕುಕ್ಕರುಗಾಲಿನಲ್ಲಿ ಕುಳಿತು ಮೇಲೆ ನೋಡುತ್ತಿದ್ದಳು. ನಾನು ಕರೆಯಲಿಲ್ಲ. ಏನೆಂದು ಕರೆಯಲಿ...

ಆಮೇಲೆ ನನಗೆ ಗಜೇಂದ್ರಗಡದಲ್ಲಿ ನೌಕರಿಯಾಯಿತು. ಮೊದಲ ಪಗಾರ ಬಂದ ತಿಂಗಳು ಕಾಫಿಪುಡಿ ಒಯ್ದೆ. ವಾಸನೆ ನೋಡಿ ತಿರುಗಿ ಕೊಟ್ಟಳು. "ಮನ್ಯಾಗ ಕುಡದ್ರ ಪಂದ್ಯ ಹ್ಯಾಂಗ ಮುಗದಂಗ ಆತು? ಹುಬ್ಬಳ್ಳಿಗೆ ಹೋಗೂಣು." ಹೋಗಬೇಕು ಎಂದಾಗಲೆಲ್ಲ ಏನಾದರೊಂದು. ಮೊಹರಮ್ಮಿನ ಅಲಾಯಿ ಹಬ್ಬ ಮುಗೀಲಿ ಅನ್ನುತ್ತಿದ್ದಳು, ಶೇಂಗಾ ಸುಗ್ಗಿ ಮುಗೀಲಿ ಅನ್ನುತ್ತಿದ್ದಳು. ನನಗೆ ಮದುವೆ, ಮಕ್ಕಳು. ಅವಳಿಗೆ ಮೊಳಕಾಲು, ಆಮೇಲೆ ಉಸಿರು. ಕೊನೆಗೆ ಗೋಡೆಯ ತನಕ ಬರುವುದೂ ನಿಂತಿತು. ನಾನು ಹೋದಾಗ ಕೇಳುವುದು ಮಾತ್ರ ಬಿಡಲಿಲ್ಲ: "ಆ ಹೋಟೆಲ್ಲಿಗೆ ಗಾಜಿನ ಬಾಗಲಾ ಇನ್ನಾ ಐತೇನ?"

ಅವಳ ಮಣ್ಣಿಗೆ ರಜೆ ಹಾಕಿ ಹೋದೆ. ಅಂಗಳದ ತಂತಿ ಖಾಲಿ ಇತ್ತು. ಸೀರೆ ಏನಾಯಿತೋ ಕೇಳುವ ಹೊತ್ತು ಅದಲ್ಲ.

ಇದೆಲ್ಲ ಆ ಥ್ರಿಫ್ಟ್ ಅಂಗಡಿಯಲ್ಲಿ ನಿಂತು ನೆನೆದದ್ದು. ಅಂಗಡಿಯ ಹುಡುಗಿ, "ಪ್ಯಾಕ್ ಮಾಡ್ಲಾ ಮೇಡಂ?" ಎಂದು ಕೇಳಿದಳು. ಬೇಡ ಎಂದು ಹ್ಯಾಂಗರಿಗೆ ಹಾಕಿ ಬಂದೆ.

ಮರುದಿನದ ಕಾರ್ಯಕ್ರಮಕ್ಕೆ ಮನೆಯವರನ್ನೂ ಒಳಗೆ ಬಿಟ್ಟರು. ತೊಟ್ಟಿಲಲ್ಲಿದ್ದ ಆ ಕೂಸು ಬಿಳಿ ಚೂಡಿದಾರ ಹಾಕಿ ದಡದಡ ಮೆಟ್ಟಿಲು ಹತ್ತಿತು. ಆಪಾ ನನ್ನ ಕೈ ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿತ್ತು. ಹೆಸರು ಕೂಗಿದರು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಮಂದಿ ತಿರುಗಿ ನೋಡಿದರು. ನೋಡಲಿ.

ಹೊರಗೆ ಬಂದು ಗಾಜಿನ ಬಾಗಿಲಿನ ಕಾಫಿ ಅಂಗಡಿಗೆ ಹೋದೆವು. ಹಳೆಯ ಆ ಹೋಟೆಲು ಈಗಿಲ್ಲ, ಅಲ್ಲೊಂದು ಮೊಬೈಲ್ ಅಂಗಡಿ ಬಂದಿದೆ. ಇದು ಬೇರೆಯದು. ಕಾಫಿಯ ನೊರೆಯ ಮೇಲೆ ಎಲೆಯ ಚಿತ್ರ ಬರೆದುಕೊಟ್ಟರು. ಬಾಯಲ್ಲಿ ಕಹಿ. ಗಂಟಲಲ್ಲಿ ಸಿಹಿಯೇನೂ ಆಗಲಿಲ್ಲ. ಅವಳು ಕುಡಿದ ಕಾಫಿಯೇ ಬೇರೆ ಇರಬೇಕು.

ಆಪಾ ಅತ್ತಿತ್ತ ನೋಡಿ ಬುರಖಾದ ಅಂಚನ್ನು ಪಾದದ ಬಳಿ ಸ್ವಲ್ಪ ಎತ್ತಿದಳು. ಒಳಗೆ ಬಿಳಿ ನೂಲಿನ ಸೀರೆ.

"ಅದs" ಅಂದಳು. "ಅಮ್ಮಾ ನನಗ ಕೊಟ್ಟ ಹೋದ್ಲು. ಗಂಟಿಗೆ ಹಾಕಲಿಲ್ಲ, ಮಾರಲಿಲ್ಲ." ಬಗ್ಗಿ, ಮಡಚಿ ಹೊಲಿದ ಅಂಚನ್ನು ಬೆರಳಿನಿಂದ ಬಿಡಿಸಿ ತೋರಿಸಿದಳು. ಬಿಸಿಲು ಕಾಣದ ಆ ಮಡಿಕೆಯೊಳಗೆ ಎಳೆ ಇನ್ನೂ ಹಳದಿಯಾಗಿತ್ತು.

ಆಮೇಲೆ, ಕಾಫಿ ಕಪ್ಪನ್ನೇ ನೋಡುತ್ತ ಅಂದಳು: "ನಿನ್ನ ತೊಡೀ ಮ್ಯಾಲ ಒಂದ ನೀಲಿ ಯುನಿಫಾರಂ ಹಾಕಿದ್ಲಲ್ಲ, ಅಂಚ ಸವದಿಲ್ಲ ನೋಡಂತ... ಅದು ನಂದು. ಯಾರ ಕಡೀದೂ ಗಂಟಿಗೆ ಬಂದದ್ದಲ್ಲ. ಲಗ್ನಾ ಮಾಡಿ ಕೊಟ್ಟ ಮ್ಯಾಲ ಆಕೀನs ಟ್ರಂಕಿನ್ಯಾಗ ಇಟ್ಟಿದ್ಲು."

ಆಗೋದಿಲ್ಲ ಎಂದು ಅವಳು ಹೇಳಿದ್ದು ನನಗಲ್ಲ, ತನಗೇ ಎಂಬುದು ತಿಳಿಯಲಿಕ್ಕೆ ನನಗೆ ಇಷ್ಟು ವರ್ಷ ಬೇಕಾದವು. ಹೇಳಿಕೊಳ್ಳಲಿಕ್ಕೆ ಈಗ ಅವಳಿಲ್ಲ.

ಹುಡುಗಿ ಗೆಳತಿಯರ ಜೊತೆ ಫೋಟೋ ಮುಗಿಸಿ ಒಳಗೆ ಬಂದಳು. ಸರ್ಟಿಫಿಕೇಟನ್ನು ತನ್ನ ತಾಯಿಯ ಮುಂದೆ ಹಿಡಿದಳು. ಆಪಾ ಟೇಬಲ್ ಮೇಲಿನ ಕಾಫಿಯ ಹನಿಯನ್ನು ಬುರಖಾದ ತೋಳಿನಿಂದ ಒರೆಸಿದಳು, ಎರಡೂ ಕೈ ಚಾಚಿ ತೆಗೆದುಕೊಂಡಳು. ಮಗಳ ಹೆಸರನ್ನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನಿಧಾನ ಓದಿದಳು. ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು.

"ಅಮ್ಮಾ ಇದ್ದಿದ್ರ" ಅಂದಳು, "ಇದೂ ಆಗೂದಿಲ್ಲ ಅಂತಿದ್ಲು."